‘ಎಲ್ಲ ನನ್ ತಲೇಲಿದೆ ಮೇಡಂ’

ಹೆಸರು, ಪ್ರಾಜೆಕ್ಟ್, ಗುರುತು ಸಿಗೋಂಥದ್ದೆಲ್ಲ ಬದಲಾಯ್ಸಿದೀನಿ, ಅವರನ್ನ ಕೇಳ್ಕೊಂಡೇ ಬರೀತಿರೋದು.

ಸುಹಾಸ್ ಅಂತಿಟ್ಕೊಳ್ಳಿ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಹೆಂಡತಿ ಬಲವಂತಕ್ಕೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ರು. ನಿದ್ದೆ ಇಲ್ಲ, ಮಗು ಜೊತೆ ಕೂತಿದ್ರೂ ಕೈ ಮೊಬೈಲ್ ಕಡೆಗೇ. ಆಫೀಸ್ ಟೆನ್ಷನ್ ಅಂದ್ಕೊಂಡ್ರೆ ಅಲ್ವಂತೆ, ಸಂಬಳವೇ ಇಲ್ಲದ ಕೆಲಸದ್ದು. ಕಾಲೇಜು ಮುಗ್ಸಿದ ಹೊಸತರಲ್ಲಿ ತಾರೀಖು ಓದೋ ಸಣ್ಣ ಲೈಬ್ರರಿ (ಬೇರೆಯವರು ತಮ್ಮ ಪ್ರೋಗ್ರಾಮಲ್ಲಿ ಸೇರಿಸ್ಕೊಳ್ಳೋ ಕೋಡ್) ಬರೆದು ಓಪನ್ ಸೋರ್ಸ್ ಮಾಡಿದ್ರು, ಅಂದ್ರೆ ಯಾರು ಬೇಕಾದ್ರೂ ನೋಡಿ ಬಳಸೋ ಹಾಗೆ ಬಿಟ್ರು, ಈಗ ಎಲ್ಲೆಲ್ಲಿಯವರೋ ಬಳಸ್ತಾರೆ, ನೋಡ್ಕೊಳ್ಳೋದು ಇವರೊಬ್ರೇ.

ಆಗಿದ್ದೇನಂದ್ರೆ, 03/04 ಅಂತ ಬಂದ್ರೆ ಅದು ಅಮೆರಿಕದ ಲೆಕ್ಕದಲ್ಲಿ ಮಾರ್ಚ್ 4 ಅಂತ ಓದ್ತಿತ್ತು, ಇವರು ನಮ್ಮ ಕಡೆ ರೂಢಿ ಥರ ಏಪ್ರಿಲ್ 3 ಮಾಡಿ 2.4.7ನೇ ಆವೃತ್ತಿ ಅಂತ ರಿಲೀಸ್ ಮಾಡ್ಬಿಟ್ರು, ಏನೇನು ಬದಲಾಯ್ತು ಅಂತ ಬರೆದಿಡೋ ಚೇಂಜ್‌ಲಾಗ್‌ನಲ್ಲಿ ‘ಸಣ್ಣಪುಟ್ಟ ಫಿಕ್ಸ್’ ಅಂತ ಒಂದೇ ಸಾಲು. ಕೊನೇ ಅಂಕಿ ಮಾತ್ರ ಏರಿದ್ರೆ ಹಳೇದೇನೂ ಮುರಿಯಲ್ಲ, ಮುರಿಯೋದಿದ್ರೆ ಮೊದಲ ಅಂಕಿ ಏರಿಸ್ಬೇಕು ಅನ್ನೋದು ಅಲ್ಲಿನ ಒಪ್ಪಂದ. ನಂಬಿ ಅಪ್‌ಡೇಟ್ ಮಾಡಿದವರ ಬಿಲ್ಲುಗಳ ತಾರೀಖೆಲ್ಲ ಅದಲುಬದಲು, ಬೈಗುಳ ಶುರು.

ಯಾಕೆ ಬಿಡಿಸಿ ಬರೀಲಿಲ್ಲ ಅಂದೆ. ಟೈಮಿಲ್ಲ ಅಂದ್ರು. ಆದ್ರೆ ಮಧ್ಯರಾತ್ರಿ ಒಂದೊಂದು ಬೈಗುಳಕ್ಕೂ ಉದ್ದುದ್ದ ಉತ್ತರ ಬರೆಯೋಕೆ ಟೈಮಿತ್ತಲ್ಲ? ಕೆದಕಿದ್ರೆ, ‘ಎಲ್ಲ ನನ್ ತಲೇಲಿದೆ ಮೇಡಂ, ಕೇಳಿದ್ರೆ ಹೇಳ್ತೀನಿ’. ಬರೆದಿಟ್ರೆ ಯಾರೂ ತನ್ನನ್ನ ಕೇಳಲ್ಲ ಅನ್ನೋ ಭಯ ಒಳಗಿತ್ತು. ಬೀರು ಕೀಲಿ ಸೊಂಟದಲ್ಲೇ ಸಿಗಿಸ್ಕೊಂಡು ‘ನಂಗೊಂದಿನ ರಜ ಇಲ್ಲ’ ಅಂತ ಗೊಣಗೋ ಅತ್ತೆ ಥರ ಆಡ್ತಿದೀರ ಅಂದೆ, ನಕ್ರು.

ಆ ಬದಲಾವಣೆ ಬಗ್ಗೆ ಇಲ್ಲೇ ಬರೀರಿ ಅಂತ ಪೆನ್ನು ಕೊಟ್ಟೆ. ಮೊದಲು ಬರೆದಿದ್ದೆಲ್ಲ ಬರೀ ಕ್ಷಮೆ. ಹೊಡೆದುಹಾಕ್ಸಿದೆ. ಮುಂಚೆ ಹೇಗಿತ್ತು, ಈಗ ಹೇಗಿದೆ, ಬಳಸೋರು ಏನ್ ಮಾಡ್ಬೇಕು, ಇಷ್ಟೇ. ‘03/04 ಮುಂಚೆ ಮಾರ್ಚ್ 4, 2.4.7ರಲ್ಲಿ ಏಪ್ರಿಲ್ 3 ಆಗಿದೆ. 2.5.0ರಲ್ಲಿ ಹಳೇ ಥರ ವಾಪಸ್, ಹೊಸದು 3.0.0ಕ್ಕೆ. 2.4.7 ಹಾಕ್ಬೇಡಿ.’ ಬರೆದು ಮುಗ್ಸಿದ್ಮೇಲೆ ಭುಜ ಸಡಿಲ ಆಗಿದ್ದು ಕಾಣ್ತಿತ್ತು.

ಮುಂದಕ್ಕೆ ಹೀಗ್ಮಾಡಿ ಅಂದೆ: ಪ್ಯಾಚ್, ಅಂದ್ರೆ ಕೋಡಿಗೆ ತಿದ್ದುಪಡಿ, ಕಳ್ಸೋರೇ ಚೇಂಜ್‌ಲಾಗ್ ಸಾಲನ್ನೂ ಜೊತೆಗೆ ಬರೆದು ಕಳಿಸ್ಬೇಕು, ಇಲ್ಲಾಂದ್ರೆ ಅದನ್ನ ಸೇರಿಸ್ಕೊಳ್ಳಲ್ಲ. ಭಾನುವಾರ ಮಾತ್ರ ಉತ್ತರ ಕೊಡ್ತೀನಿ ಅಂತ ಪ್ರಾಜೆಕ್ಟ್ ಪರಿಚಯದ ಪುಟ ರೀಡ್‌ಮೀಯಲ್ಲಿ ಹಾಕಿ. ಮೊಬೈಲಲ್ಲಿ ನೋಟಿಫಿಕೇಶನ್ ಆಫ್. ಇದ್ದದ್ದು ಇದ್ದ ಹಾಗೆ, ಗ್ಯಾರಂಟಿ ಇಲ್ಲ ಅಂತ ನೀವು ಕೋಡ್ ಜೊತೆ ಹಾಕಿರೋ ಬಳಕೆ ಷರತ್ತು, ಎಂಐಟಿ ಲೈಸೆನ್ಸೇ ಹೇಳತ್ತಲ್ಲ, ಅದನ್ನ ನೀವೂ ಒಂದ್ಸಲ ಓದಿ. ನಿದ್ದೆಗೆ ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ದೆ, ಅಪರಾತ್ರಿ ತೀರಾ ಆಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂತಾನೂ ಹೇಳ್ದೆ.

ಇದರ ಮಧ್ಯೆ, ಮುಖಪರಿಚಯ ಇಲ್ಲದ ಯಾರೋ ಒಬ್ರು ಲೈಬ್ರರಿ ಪೂರ್ತಿ ಕೊಡಿ ನಾನ್ ನೋಡ್ಕೊಳ್ತೀನಿ ಅಂದಿದ್ರಂತೆ, ಕೊಟ್ಟು ಕೈತೊಳ್ಕೊಳ್ಳೋ ಮನಸ್ಸು ಇವರಿಗೆ. ತಡೀರಿ ಅಂದೆ. ಫೈಲ್ ಕುಗ್ಗಿಸೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಎಕ್ಸ್‌ಝಡ್ ಕಥೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು: ನೋಡ್ಕೊಳ್ತಿದ್ದವರು 2022ರಲ್ಲಿ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಅಂತ ಎಲ್ಲರೆದುರೇ ಹೇಳ್ಕೊಂಡಿದ್ರು, ಕೈಜೋಡಿಸಿದವನ ಕೈಗೆ ಅಧಿಕಾರ ಹೋಯ್ತು, 2024ರ ಮಾರ್ಚಲ್ಲಿ ನೋಡಿದ್ರೆ 5.6.0, 5.6.1 ಎರಡು ಆವೃತ್ತಿಗಳಲ್ಲೂ ಕದ್ದು ಒಳನುಗ್ಗೋಕೆ ಹಿಂಬಾಗಿಲು ಇತ್ತು. ಸುಸ್ತಾದಾಗ ಕೀಲಿ ಕೊಡ್ಬೇಡಿ, ವರ್ಷಗಳಿಂದ ಕೆಲಸ ನೋಡಿರೋ ಇಬ್ರಿಗೆ ಸ್ವಲ್ಪ ಸ್ವಲ್ಪವೇ ಬಿಟ್ಕೊಡಿ ಅಂದೆ.

ಈಗ ಇಬ್ರು ಸೇರ್ಕೊಂಡಿದಾರೆ, ನಿದ್ದೆ ಪರವಾಗಿಲ್ಲ. ಆದ್ರೆ ಆ ಇಬ್ರು ಬರೆದ ಚೇಂಜ್‌ಲಾಗ್ ಸಾಲುಗಳನ್ನೆಲ್ಲ ಸುಹಾಸ್ ಕೂತು ಮತ್ತೆ ತಿದ್ದಿ ಬರೀತಿದಾರಂತೆ, ಹೆಂಡತಿ ಹೇಳಿದ್ರು. ಮುಂದಿನ ಸಲ ಅದನ್ನ ಮಾತಾಡ್ಬೇಕು.