ಐರ್ಲೆಂಡಿನ ಕ್ಲಾನ್‌ಮ್ಯಾಕ್‌ನಾಯ್ಸ್ ಪ್ಯಾರಿಷ್‌ಗೆ (ಒಂದು ಚರ್ಚಿಗೆ ಸೇರಿದ ಹಳ್ಳಿಗಳಿಗೆ) ಹಳೇ ಮಠವೇ ಮೂಲವೇ?

ಹೌದು, ಮಠವೇ ಮೂಲ. 6ನೇ ಶತಮಾನದ ನಡುವೆ ಸಂತ ಕಿಯರಾನ್ ಇದನ್ನು ಕಟ್ಟಿದರು. ಸ್ವಲ್ಪ ದಿನದಲ್ಲೇ ಅವರು ತೀರಿಕೊಂಡರೂ ಮಠ ಬೆಳೆಯಿತು. ಅದಕ್ಕೆ ಜಾಗವೇ ಕಾರಣ: ಶಾನನ್ ನದಿಯ ದೋಣಿ ದಾರಿ ಮತ್ತು ಐರ್ಲೆಂಡ್ ದ್ವೀಪವನ್ನು ಅಡ್ಡ ಹಾಯುವ ಹಳೇ ರಸ್ತೆ ಇಲ್ಲೇ ಕೂಡುತ್ತಿದ್ದವು. ಓದುವವರು, ಶಿಲ್ಪಿಗಳು, ವ್ಯಾಪಾರಿಗಳು ಸೇರಿ ಅದೊಂದು ಊರೇ ಆಯಿತು. ಉತ್ತರ ಯುರೋಪಿನಿಂದ ಹಡಗಲ್ಲಿ ಬಂದ ವೈಕಿಂಗರ ದಾಳಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಅಲ್ವಾ? ಐರಿಷ್ ರಾಜರು ಅವರಿಗಿಂತ ಜಾಸ್ತಿ ಸಲ ದಾಳಿ ಮಾಡಿದ್ದರು.

12ನೇ ಶತಮಾನದಲ್ಲಿ ಐರಿಷ್ ಚರ್ಚಿನ ಸುಧಾರಣೆ ನಡೆದಾಗ ಅಧಿಕಾರ ಮಠಾಧೀಶರಿಂದ ಬಿಷಪ್‌ಗಳಿಗೆ ಹೋಯಿತು. ಒಂದು ಚರ್ಚಿಗೆ ಇಷ್ಟು ಹಳ್ಳಿ ಎನ್ನುವ ಪ್ಯಾರಿಷ್ ಪದ್ಧತಿ ನಿಧಾನವಾಗಿ ಬೇರೂರಿತು. 1552ರಲ್ಲಿ ಹತ್ತಿರದ ಅಥ್ಲೋನ್ ಊರಿನ ಇಂಗ್ಲಿಷ್ ಸೈನಿಕರು ಗಂಟೆ, ಪುಸ್ತಕ, ಕಿಟಕಿ ಗಾಜನ್ನೂ ಬಿಡದೆ ದೋಚಿದರು. ಅದನ್ನು ಓದಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಸೆಪ್ಟೆಂಬರ್‌ನ ಕಿಯರಾನ್ ಹಬ್ಬಕ್ಕೆ ಜನ ಇಂದಿಗೂ ಅಲ್ಲಿ ಸೇರುತ್ತಾರೆ.