ಪುಟ್ಟ ಕಾರಿನ ಗ್ಯಾರೇಜು: ಓದುಗರ ಪ್ರಶ್ನೆ, ಪೇಂಟರ್ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮಳೆಯ ಮೇಲಿನ ದೂರು. ಮಳೆಗಾಲದಲ್ಲಿ ಸ್ಪ್ರೇ ಹಿಡಿದವರ ಗೋಳು ನನಗೆ ಹೊಸದಲ್ಲ. ಮೈಸೂರಿನ ಟಿಂಕರಿಂಗ್ ಶೆಡ್ಡಿನಲ್ಲಿ 19 ವರ್ಷ ದೊಡ್ಡ ಕಾರುಗಳಿಗೆ ಬಣ್ಣ ಹೊಡೆದೆ. ಈಗ ಅಂಗೈ ಮೇಲೆ ಕೂರುವ ಕಾರುಗಳಿಗೆ ಹೊಡೆಯುತ್ತೇನೆ. ಆಗ ಗಾಡಿ ಮಾಲೀಕರು ಬೈಯುತ್ತಿದ್ದರು, ಈಗ ನಮ್ಮ ಮನೆಯವರು.

ಪ್ರಶ್ನೆ: ಟಮಿಯಾ ಕಂಪನಿಯ 1/24 ಕಿಟ್ (ನಿಜವಾದ ಕಾರಿನ 24ರಲ್ಲಿ ಒಂದು ಪಾಲು ಅಳತೆ) ಜೋಡಿಸಿ, ಸ್ಪ್ರೇ ಡಬ್ಬಿಯಿಂದ ಕೆಂಪು ಹೊಡೆದೆ. ಹೊಡೆದಾಗ ಕನ್ನಡಿ ಹಾಗಿತ್ತು. ಹತ್ತು ನಿಮಿಷಕ್ಕೆ ಟಾಪಿನ ಮೇಲೆಲ್ಲ ಬೂದಿ ಬಡಿದ ಹಾಗಾಯಿತು. ಡಬ್ಬಿ ಹಳೇದಾ ಸರ್? (ಓದುಗರು, ಶಿರಸಿ)

ಉತ್ತರ: ಡಬ್ಬಿಯ ತಪ್ಪಿಲ್ಲ. ನೀವು ಆರಿಸಿಕೊಂಡ ದಿನ ಸರಿ ಇರಲಿಲ್ಲ. ಇದು ಲ್ಯಾಕರ್ ಬಣ್ಣ. ಇದರಲ್ಲಿರುವ ಥಿನ್ನರ್ ಬಹಳ ಬೇಗ ಹಾರಿಹೋಗುತ್ತದೆ. ಹೋಗುವಾಗ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಸ್ಪಿರಿಟ್ ಸವರಿದರೆ ತಣ್ಣಗಾಗುತ್ತದಲ್ವಾ, ಹಾಗೇ. ತಣ್ಣಗಾದ ಬಣ್ಣದ ಮೇಲೆ ಗಾಳಿಯ ತೇವ ಕೂತು ಒಳಗೆ ಸಿಕ್ಕಿಕೊಳ್ಳುತ್ತದೆ. ನೀವು ನೋಡಿದ ಬೂದಿ ಅದೇ. ಆಷಾಢದ ಶಿರಸಿಯಲ್ಲಿ ಹೀಗಾಗದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಉಜ್ಜಿ ತೆಗೆಯಲು ಹೋಗಬೇಡಿ. ಬಿಸಿಲು ಬಿದ್ದ ಒಣ ದಿನ ಕಾಯಿರಿ. ಆ ದಿನ ಮಧ್ಯಾಹ್ನ ಅದೇ ಬಣ್ಣವನ್ನು ತೆಳುವಾಗಿ ಒಂದು ಕೈ ಹೊಡೆಯಿರಿ. ಹೊಸ ಥಿನ್ನರ್ ಹಳೇ ಪದರವನ್ನು ಸ್ವಲ್ಪ ಕರಗಿಸುತ್ತದೆ, ಸಿಕ್ಕಿಕೊಂಡ ತೇವಕ್ಕೆ ಹೊರಗೆ ಹೋಗಲು ದಾರಿಯಾಗುತ್ತದೆ. ಸಾಮಾನ್ಯವಾಗಿ ಬಿಳುಪು ಮಾಯವಾಗುತ್ತದೆ. ಏರ್‌ಬ್ರಷ್ ಇದ್ದರೆ ಬಣ್ಣಕ್ಕೆ ರಿಟಾರ್ಡರ್ ಎಂಬ ದ್ರವ ಸೇರಿಸಬಹುದು, ಥಿನ್ನರ್ ನಿಧಾನಕ್ಕೆ ಆರುತ್ತದೆ.

ಹೊಡೆಯುವ ಮೊದಲು ಡಬ್ಬಿಯನ್ನು ಸ್ನಾನದ ನೀರಿನಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ. ಹನಿ ಸಣ್ಣದಾಗಿ ಬೀಳುತ್ತದೆ. ಕುದಿಯುವ ನೀರು, ಒಲೆಯ ಪಕ್ಕ ಖಂಡಿತ ಬೇಡ, ಡಬ್ಬಿ ಸಿಡಿಯುತ್ತದೆ. ಮೊದಲ ಎರಡು ಸಲ ಮಂಜಿನ ಹಾಗೆ ಹೊಡೆಯಿರಿ, ಅಡಿಯ ಪ್ಲಾಸ್ಟಿಕ್ ಇನ್ನೂ ಕಾಣುತ್ತಿರಲಿ. ಮೂರನೆಯದು ಮಾತ್ರ ಒದ್ದೆಯಾಗಿ ಕೂರಬೇಕು.

ಆರಿಸುವ ಅವಸರಕ್ಕೆ ನಾನು ತೆತ್ತ ಬೆಲೆಯನ್ನೂ ಹೇಳಿಬಿಡುತ್ತೇನೆ. ಒಮ್ಮೆ ಬಾಡಿಯನ್ನು ನಮ್ಮ ನಿಜವಾದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಏಪ್ರಿಲ್ ಬಿಸಿಲಿಗೆ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಟಾಪು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಬಣ್ಣವೇನೋ ಚೆನ್ನಾಗಿ ಆರಿತ್ತು.

ಪ್ರಶ್ನೆ: ಮುಂದಿನ ಗಾಜನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದೆ. ಮಾರನೇ ದಿನ ಗಾಜಿನ ಅಂಚೆಲ್ಲ ಬೆಳ್ಳಗೆ ಮಂಕಾಗಿದೆ. (ಓದುಗರು, ಗದಗ)

ಉತ್ತರ: ಆ ಅಂಟಿನ ಆವಿಯ ಕೆಲಸ ಅದು. ಗಾಜಿಗೆ ಮರಗೆಲಸದ ಬಿಳಿ ಫೆವಿಕಾಲ್ ಸಾಕು, ಕಡ್ಡಿಯ ತುದಿಯಲ್ಲಿ ಹಚ್ಚಿ. ಆರಿದರೆ ಕಾಣುವುದೇ ಇಲ್ಲ, ಜಾಸ್ತಿಯಾದರೆ ಒದ್ದೆ ಬಟ್ಟೆಗೆ ಬರುತ್ತದೆ. ಮಂಕಾದದ್ದನ್ನು ಪಾಲಿಶ್ ಹಾಕಿ ಮೆತ್ತಗೆ ಉಜ್ಜಿ ನೋಡಿ.

ಪ್ರಶ್ನೆ: 13 ವರ್ಷದ ಮಗಳಿಗೆ ಕಿಟ್ ಬೇಕಂತೆ. ಬೆಲೆ ಕೇಳಿ ಗಾಬರಿಯಾಯಿತು. ಆಟದ ಕಾರಿಗೆ ಇಷ್ಟು ದುಡ್ಡಾ? (ಓದುಗರು, ಹಾಸನ)

ಉತ್ತರ: ಒಳ್ಳೆಯ ಕಿಟ್‌ಗಳು ಹೊರದೇಶದಿಂದ ಬರುವ ಸರಕು, ದುಬಾರಿ ಹೌದು. ಆದರೆ ಆ ಅಚ್ಚಿನ ಹಿಂದಿನ ಕೆಲಸ ನೋಡಿ. 1976ರಲ್ಲಿ ಬಂದ 1/12 ಅಳತೆಯ ಪೋರ್ಷೆ 934 (911ರ ರೇಸ್ ಕಾರಿನ ರೂಪ) ಕಿಟ್ ಮಾಡಲು ಟಮಿಯಾದವರು ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು, ಬಿಚ್ಚಿ ನೋಡಿದ್ದರು. ಶೆಡ್ಡಿನಲ್ಲಿ ನಾವು ಬಿಚ್ಚಿದ್ದನ್ನು ಮತ್ತೆ ಜೋಡಿಸಿ ಕೊಡಬೇಕಿತ್ತು, ಅಷ್ಟೇ ವ್ಯತ್ಯಾಸ.

ಹಾಗಂತ ಮೊದಲ ದಿನವೇ ಕಿಟ್ ಕೊಳ್ಳಬೇಡಿ. ಆಟಿಕೆ ಅಂಗಡಿಯಲ್ಲಿ ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಅಂಬಾಸಡರ್ ಸಿಗುತ್ತದೆ. ಅಡಿಯ ಸ್ಕ್ರೂ ಬಿಚ್ಚಿ ಬಾಡಿ ಬೇರೆ ಮಾಡಿ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಲಿ. ಅಚ್ಚಿನ ಎಣ್ಣೆ, ಕೈಯ ಜಿಡ್ಡು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. 600, ಆಮೇಲೆ 1000 ನಂಬರಿನ ವಾಟರ್ ಪೇಪರ್ ಎಂಬ ಉಜ್ಜುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಲಿ, ಪ್ರೈಮರ್ ಹೊಡೆಯಲಿ. ಬಣ್ಣ ಹೊಡೆದಾಗ ಕಾಣುವ ಮುಕ್ಕಾಲು ಪಾಲು ತಪ್ಪು ಪ್ರೈಮರ್ ಕೆಳಗೆ ಇರುತ್ತದೆ. ಈ ಪಾಠ ಕಡಿಮೆ ಖರ್ಚಿನಲ್ಲಿ ಆಗಿಹೋಗಲಿ.

ಅವಳಿಗೆ ಒಂದು ಲೆಕ್ಕವನ್ನೂ ಕೊಡಿ. ನಿಜವಾದ ಅಂಬಾಸಡರ್ ಉದ್ದ ಸುಮಾರು 4.3 ಮೀಟರ್. 1/24ರಲ್ಲಿ ಎಷ್ಟಾಗಬೇಕು? ಹದಿನೆಂಟು ಸೆಂಟಿಮೀಟರ್ ಹತ್ತಿರ. ನಿಮ್ಮ ಆಟಿಕೆ ಅಷ್ಟಿದೆಯಾ ಅಂತ ಸ್ಕೇಲ್ ಹಿಡಿದು ಅಳೆಯಲಿ. ಅಳೆದು ಮುಖ ಸಿಂಡರಿಸಿದರೆ ಕಿಟ್ ಕೊಡಿಸಿ. ಸುಮ್ನೆ ಓಡಿಸಿ ಆಡಿದರೆ ನಿಮ್ಮ ದುಡ್ಡು ಉಳಿಯಿತು.

ಪ್ರಶ್ನೆ: ಅಪ್ಪ ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡಿಸುತ್ತಿದ್ದರು. ಅದರ ಮಾದರಿ ಮಾಡುತ್ತಿದ್ದೇನೆ. ಕಪ್ಪು ಬಾಡಿಯ ಮೇಲೆ ಟಾಪಿಗೆ ಹಳದಿ ಹೊಡೆದರೆ ಹಸಿರು ಹಸಿರಾಗಿ ಕಾಣುತ್ತದೆ. ಮೂರು ಸಲ ಹೊಡೆದೆ ಅಣ್ಣಾ. (ಓದುಗರು, ಡೊಂಬಿವಲಿ)

ಉತ್ತರ: ಮೂರಲ್ಲ, ಹತ್ತು ಸಲ ಹೊಡೆದರೂ ಅಷ್ಟೇ ತಮ್ಮಾ. ಹಳದಿಗೆ ಅಡಿಯದನ್ನು ಮುಚ್ಚುವ ಶಕ್ತಿ ಕಡಿಮೆ. ಕಪ್ಪಿನ ಮೇಲೆ ತೆಳ್ಳಗೆ ಕೂತ ಹಳದಿ ಹಸಿರಾಗಿಯೇ ಕಾಣುತ್ತದೆ. ಕ್ರಮ ತಿರುಗಿಸಿ. ಈಗಿರುವುದನ್ನು ವಾಟರ್ ಪೇಪರಿನಲ್ಲಿ ಸಮ ಮಾಡಿ, ಬಿಳಿ ಪ್ರೈಮರ್ ಹೊಡೆದು, ಟಾಪಿಗೆ ಹಳದಿ ಹೊಡೆಯಿರಿ. ಆಮೇಲೆ ಬಿಟ್ಟುಬಿಡಿ. ಎಷ್ಟು ದಿನ ಅಂದರೆ, ಮೂಗಿನ ಹತ್ತಿರ ಹಿಡಿದರೆ ವಾಸನೆ ಬರಬಾರದು. ವಾಸನೆ ಇದ್ದರೆ ಇನ್ನೂ ಆರಿಲ್ಲ.

ಈಗ ಟೇಪು. ಕರೆಂಟಿನ ಕಪ್ಪು ಟೇಪು ಬೇಡ. ಮಾಡೆಲ್ ಅಂಗಡಿಯ ತೆಳು ಮಾಸ್ಕಿಂಗ್ ಟೇಪನ್ನೇ ತೆಗೆದುಕೊಳ್ಳಿ. ಸುರುಳಿಯ ಅಂಚಿಗೆ ಧೂಳು ಕೂತಿರುತ್ತದೆ. ಹಾಗಾಗಿ ಟೇಪನ್ನು ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಹೊಸ ಅಂಚು ಕೊಯ್ದುಕೊಳ್ಳಿ. ಕಿಟಕಿಯ ಮೇಲಿನ ಗೆರೆಗೆ ಎರಡು ಮಿಲಿಮೀಟರ್ ಅಗಲದ ಪಟ್ಟಿ ಸಾಕು, ಅಗಲದ ಟೇಪು ತಿರುವಿನಲ್ಲಿ ಸುಕ್ಕಾಗುತ್ತದೆ. ಹಲ್ಲುಕಡ್ಡಿಯ ಬೆನ್ನಿನಿಂದ ಅಂಚನ್ನು ಒತ್ತುತ್ತಾ ಹೋಗಿ. ಉಳಿದ ಟಾಪಿಗೆ ಹಾಳೆ ಸುತ್ತಿ.

ಕಪ್ಪಿಗೆ ಮೊದಲು ಟೇಪಿನ ಅಂಚಿನ ಮೇಲೆ ಅದೇ ಹಳದಿಯನ್ನು ಇನ್ನೊಮ್ಮೆ ತೆಳುವಾಗಿ ಹೊಡೆಯಿರಿ. ಇದನ್ನು ಬಿಡಬೇಡಿ. ಟೇಪಿನಡಿ ಎಲ್ಲಾದರೂ ಸಂದಿ ಇದ್ದರೆ ಹಳದಿಯೇ ಹೋಗಿ ಮುಚ್ಚುತ್ತದೆ, ಕಪ್ಪಿಗೆ ಜಾಗ ಇರುವುದಿಲ್ಲ. ಶೆಡ್ಡಿನಲ್ಲಿ ಎರಡು ಬಣ್ಣದ ವ್ಯಾನುಗಳಿಗೆ ನಾನು ಹೀಗೇ ಮಾಡುತ್ತಿದ್ದೆ. ಕಪ್ಪು ಹೊಡೆದು ಅರ್ಧ ಗಂಟೆಗೆ ಟೇಪನ್ನು ಅದರ ಮೇಲೇ ಮಡಚಿದ ಹಾಗೆ, ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಬಣ್ಣವೂ ಎದ್ದು ಬರುತ್ತದೆ.

ಇನ್ನೊಂದು ಮಾತು. ಕಪ್ಪನ್ನು ಫಳಫಳ ಹೊಳೆಸಬೇಡಿ. ದುಡಿದ ಟ್ಯಾಕ್ಸಿ ಅದು. ಟೈರಿಗೂ ಕಡುಗಪ್ಪು ಬೇಡ, ಮೇಲ್ಭಾಗವನ್ನು ವಾಟರ್ ಪೇಪರಿನಲ್ಲಿ ಒಮ್ಮೆ ಉಜ್ಜಿದರೆ ರಸ್ತೆಯ ಬೂದುಬಣ್ಣ ಬರುತ್ತದೆ. ಹಳೇ ಟ್ಯಾಕ್ಸಿಗಳಿಗೆ ಮೀಟರ್ ಹೊರಗೆ, ಬಾನೆಟ್ಟಿನ ಎಡಪಕ್ಕ ಇರುತ್ತಿತ್ತಲ್ಲ, ಅದನ್ನು ಮರೆಯಬೇಡಿ. ಬೆಂಕಿಕಡ್ಡಿಯ ತುಂಡು ಸಾಕು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗಳೂ ಮುಂಬೈ ರಸ್ತೆಯಿಂದ ಹೋದವು, ಇನ್ನು ಬೀದಿಗೆ ಹೋಗಿ ನೋಡಿ ಬರುವ ಹಾಗಿಲ್ಲ. ಅಪ್ಪನನ್ನೇ ಕೂರಿಸಿಕೊಂಡು ಕೇಳಿ. ಸೀಟಿನ ಕವರ್ ಯಾವ ಬಣ್ಣ, ಡ್ಯಾಶ್‌ಬೋರ್ಡ್ ಮೇಲೆ ಯಾವ ದೇವರು, ಎಲ್ಲ ಅವರಿಗೆ ನೆನಪಿರುತ್ತದೆ.

ಪ್ರಶ್ನೆ: ಎರಡು ಕೋಣೆಯ ಫ್ಲ್ಯಾಟು, ಮನೆಯಲ್ಲಿ ಚಿಕ್ಕ ಮಗು. ಮಾಸ್ಕ್ ಹಾಕಿಕೊಂಡು ಬಚ್ಚಲಲ್ಲಿ ಸ್ಪ್ರೇ ಮಾಡಬಹುದಾ? (ಓದುಗರು, ಬೆಂಗಳೂರು)

ಉತ್ತರ: ಬೇಡ. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ಅದೂ ನಿಮ್ಮೊಬ್ಬರಿಗೆ ಆಯಿತು, ಮಗುವಿಗೆ? ಬಚ್ಚಲಲ್ಲಿ ಗೀಸರ್ ಬೇರೆ ಇರುತ್ತದೆ, ಕಿಡಿಗೆ ಆವಿ ಹೊತ್ತಿಕೊಳ್ಳುತ್ತದೆ. ಸ್ಪ್ರೇ ಕೆಲಸವನ್ನು ತಾರಸಿಗೆ ಒಯ್ಯಿರಿ. ಮನೆಯೊಳಗೆ ಸೀಟು, ಎಂಜಿನ್‌ನಂಥ ಚಿಕ್ಕ ಭಾಗಗಳನ್ನು ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣದಲ್ಲಿ, ಕುಂಚದಿಂದ ಮಾಡಿ, ಕಿಟಕಿ ತೆರೆದಿರಲಿ. ಥಿನ್ನರನ್ನು ಕುಡಿಯುವ ನೀರಿನ ಬಾಟಲಿಗೆ ಯಾವತ್ತೂ ತುಂಬಿಡಬೇಡಿ. ತಂದ ಡಬ್ಬಿಯಲ್ಲೇ, ಮಗುವಿನ ಕೈಗೆ ಸಿಗದ ಅಟ್ಟದ ಮೇಲೆ ಇಡಿ.