'ಪ್ರಿಪೋನ್' ಇಂಗ್ಲಿಷ್ ಅಲ್ಲ ಅನ್ನೋಕೆ ಅವರ್ಯಾರು?

ಮೀಟಿಂಗ್ 'ಪ್ರಿಪೋನ್' ಆಗಿದೆ, ಅಂದರೆ ಮೊದಲು ಹೇಳಿದ್ದಕ್ಕಿಂತ ಮುಂಚೆಯೇ ಇದೆ, ಅಂತ ಮೇಲ್ ಹಾಕಿದ್ದಕ್ಕೆ ಲಂಡನ್ನಿನ ಸಹೋದ್ಯೋಗಿ 'ಅದು ಇಂಗ್ಲಿಷೇ ಅಲ್ಲ' ಅಂದರು, ಹಾಗಾದರೆ ಸರಿ-ತಪ್ಪು ತೀರ್ಮಾನ ಮಾಡೋರು ಯಾರು ಅಂತ ಕೇಳಿದ್ದೀರಿ. ಅಂಥ ಅಧಿಕಾರ ಯಾರಿಗೂ ಇಲ್ಲ. ಫ್ರೆಂಚರಿಗೆ 1635ರಿಂದ ಭಾಷೆಯ ಸರಿ-ತಪ್ಪು ನೋಡೋಕೆ ಒಂದು ಅಕಾಡೆಮಿ ಇದೆ. ಇಂಗ್ಲಿಷಿಗೂ ಅಂಥದ್ದು ಬೇಕು ಅಂತ ಲೇಖಕ ಜೊನಾಥನ್ ಸ್ವಿಫ್ಟ್ 1712ರಲ್ಲಿ ಪಟ್ಟು ಹಿಡಿದ. ಯಾರೂ ಮಾಡಲಿಲ್ಲ.

ನಿಘಂಟು ಇದೆಯಲ್ಲ ಅನ್ನಬಹುದು. ಆದರೆ ನಿಘಂಟಿನವರು ಜನ ಬಳಸಿದ್ದನ್ನು ಬರೆದಿಡುತ್ತಾರೆ, ಅಷ್ಟೇ. 1961ರಲ್ಲಿ ವೆಬ್‌ಸ್ಟರ್‌ನ ದೊಡ್ಡ ನಿಘಂಟು 'ಏಂಟ್' (ain't, 'ಅಲ್ಲ', 'ಇಲ್ಲ' ಅನ್ನೋಕೆ ಬಳಸೋ ಆಡುಮಾತು) ಪದವನ್ನು ಸರಿಯಾಗಿ ಬೈಯದೆ ಒಳಗೆ ಬಿಟ್ಟುಕೊಂಡಿತು ಅಂತ ಅಮೆರಿಕದ ಪತ್ರಿಕೆಗಳು ರಂಪ ಮಾಡಿದವು! ಜನ ಸುಮ್ನೆ ಮಾತಾಡುತ್ತಲೇ ಇದ್ದರು.

ನಿಮ್ಮ ಪ್ರಿಪೋನ್ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ಭಾರತದಲ್ಲಿ ಬಳಕೆ ಜಾಸ್ತಿ ಅನ್ನುವ ಗುರುತಿನ ಜೊತೆ. ಪೋಸ್ಟ್‌ಪೋನ್ ಇದ್ದಮೇಲೆ ಇದು ಯಾಕಿರಬಾರದು, ಅಲ್ವಾ? ಇದರ ಬದಲು ಲಂಡನ್ನಿನವರು ಹೇಳೋ 'ಮೂವ್ ಫಾರ್ವರ್ಡ್' ನೋಡಿ. ಬುಧವಾರದ ಮೀಟಿಂಗ್ ಎರಡು ದಿನ 'ಫಾರ್ವರ್ಡ್' ಆಯಿತು ಅಂದರೆ ಕೆಲವರು ಸೋಮವಾರ ಅಂದುಕೊಳ್ಳುತ್ತಾರೆ, ಕೆಲವರು ಶುಕ್ರವಾರ. ನಮ್ಮ ಪದಕ್ಕೆ ಆ ಗೊಂದಲವೇ ಇಲ್ಲ.

ಆದರೂ ಓದುವವರಿಗೆ ಅರ್ಥ ಆಗಬೇಕಲ್ಲ. ಲಂಡನ್ನಿಗೆ ಬರೆಯುವಾಗ 'ಗುರುವಾರದ ಬದಲು ಬುಧವಾರ, 3 ಗಂಟೆಗೆ' ಅಂತ ನೇರವಾಗಿ ಹಾಕಿಬಿಡಿ. ಬೆಂಗಳೂರಿನ ಟೀಮಿಗೆ ಧಾರಾಳವಾಗಿ ಪ್ರಿಪೋನ್ ಮಾಡಿ.